ಮರಳನ್ನು ಬಿಟ್ಟ ಲೆಕ್ಕ

"ಗಣಿತದ ಮೇಲಿನ ಪ್ರೀತಿಯೇ ನನ್ನನ್ನು ಈ ಕ್ಷೇತ್ರಕ್ಕೆ ಕರೆತಂದಿತು" ಎಂದು ಬರೆದು ನಾಚಿಮುತ್ತು ಪೆನ್ನಿನ ಮುಚ್ಚಳ ಹಾಕಿದ. ಮತ್ತೆ ತೆಗೆದು "ಪ್ರೀತಿ"ಯ ಹಿಂದೆ "ಬಾಲ್ಯದಿಂದಲೂ ಇದ್ದ" ಎಂದು ಸೇರಿಸಿದ. ಸೇರಿಸಿದ ಮೇಲೆ ವಾಕ್ಯ ಇನ್ನಷ್ಟು ಸುಳ್ಳಾಯಿತು. ಆದರೆ ನೋಡುವುದಕ್ಕೆ ಮೈ ತುಂಬಿಕೊಂಡಂತಾಯಿತು. ನಾಲ್ಕು ಗಂಟೆಯೊಳಗೆ ಈ ಪುಟ ಇಳವೇನಿಲ್ ಕೈ ಸೇರಬೇಕು. ಇಳವೇನಿಲ್ ಅವನ ವಿಭಾಗದ ಕಿರಿಯ ಅಧ್ಯಾಪಕಿ, ಮುಂದಿನ ವಾರ ಕಾಲೇಜು ಅವನಿಗೆ ಮಾಡಲಿರುವ ಸನ್ಮಾನದ ಪುಸ್ತಿಕೆಗೆ ಸಂಪಾದಕಿ, ಮತ್ತು ಒಂದು ಮಾತನ್ನು ಮೂರು ಸಲ ಕೇಳಿ ತಿಳಿದುಕೊಳ್ಳುವ ಸ್ವಭಾವದವಳು. ಪುಟಕ್ಕೆ ಅವಳೇ ಇಟ್ಟ ಶೀರ್ಷಿಕೆ "ನಾನು ನಡೆದು ಬಂದ ದಾರಿ". ಬೆಳಗಿನಿಂದ ಅವನನ್ನು ಚುಚ್ಚುತ್ತಿದ್ದದ್ದು ಆ "ನಡೆದು" ಎಂಬ ಪದವೇ. ಅವನು ನಡೆದು ಬಂದಿರಲಿಲ್ಲ, ಓಡಿ ಬಂದಿದ್ದ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಕೊಯಮತ್ತೂರಿನ ಒಂದು ಫೌಂಡ್ರಿಯ ಗೇಟಿನಿಂದ ಬಸ್ ಸ್ಟಾಪಿನವರೆಗೆ.

ಎಂಜಿನಿಯರಿಂಗ್ ಓದಿನ ಮೂರನೇ ವರ್ಷದ ರಜೆಯಲ್ಲಿ ನಾಲ್ಕು ವಾರದ ತರಬೇತಿ ಅದು. ಅವನು ಅಲ್ಲಿದ್ದದ್ದು ಮೂರು ದಿನ. ಕುಲುಮೆಯಿಂದ ಕರಗಿದ ಕಬ್ಬಿಣವನ್ನು ಮೂಸೆಗೆ ಬಗ್ಗಿಸಿಕೊಂಡು, ಮೂಸೆಯ ಉದ್ದ ಹಿಡಿಕೆಯನ್ನು ಹಿಂದೊಬ್ಬ ಮುಂದೊಬ್ಬ ಹಿಡಿದು, ಅಚ್ಚುಗಳ ಸಾಲಿಗೆ ಹೊತ್ತೊಯ್ದು ಸುರಿಯುತ್ತಿದ್ದರು. ಮೂರನೇ ದಿನ ಹಿಂದೆ ಹಿಡಿಯುವ ಆಳು ಬಂದಿರಲಿಲ್ಲ. ಮೀಸೆಯ ಒಬ್ಬ ಮನುಷ್ಯ, ಆರುಚ್ಚಾಮಿ ಅಂತ ಹೆಸರು, "ಬಾ ಕಾಲೇಜು, ಹಿಡಿ" ಎಂದಿದ್ದ. ಇವನ ಹೆಸರು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಇವನು ಕಾಲೇಜೇ. ಹತ್ತು ಹೆಜ್ಜೆ ಹೋಗಿರಬಹುದು. ಒಂದು ಹನಿ ಒದ್ದೆ ನೆಲಕ್ಕೆ ಬಿದ್ದು ಪಟಾಕಿಯಂತೆ ಸಿಡಿಯಿತು. ಇವನ ಕೈ ತಾನಾಗಿಯೇ ಬಿಟ್ಟುಕೊಂಡಿತು, ಕಾಲು ತಾನಾಗಿಯೇ ಓಡಿತು. ಹಿಂದಿನಿಂದ ಒಂದು ಚೀತ್ಕಾರ, ಆಮೇಲೆ "ಕಾಲೇಜ್! ಕಾಲೇಜ್!" ಎಂಬ ಕೂಗು. ಆ ಕೂಗು ಬಸ್ಸು ಹತ್ತಿದ ಮೇಲೂ ಕೇಳುತ್ತಿತ್ತು. ಕಂಡಕ್ಟರ್ "ಎಲ್ಲಿಗಪ್ಪ?" ಎಂದರೆ ಇವನು "ಕಾಲೇಜ್" ಎಂದೇ ಅಂದಿದ್ದ.

ಮರುದಿನ ಬೆಳಿಗ್ಗೆ ಇದ್ದ ಒಂದೇ ಜೋಡಿಯಲ್ಲಿ ಅರ್ಧ ಕಳೆದುಹೋದದ್ದರಿಂದ ಬರಿಗಾಲಲ್ಲಿ ಕಾಲೇಜಿನ ಕಂಪ್ಯೂಟರ್ ಕೋಣೆಯ ಮುಂದೆ ನಿಂತಿದ್ದ. ಇಡೀ ಕಾಲೇಜಿನಲ್ಲಿ ತಂಪು ಯಂತ್ರವಿದ್ದದ್ದು ಅದೊಂದೇ ಕೋಣೆಯಲ್ಲಿ. ಧೂಳು ಬರಬಾರದೆಂದು ಅಲ್ಲಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಉಸ್ತುವಾರಿಯ ಮೇಷ್ಟರು ಇವನ ಪಾದ ನೋಡಿ ಕರಗಿ ನೀರಾದರು. "ನೋಡ್ರಪ್ಪ, ಹೇಳೋದಕ್ಕೆ ಮುಂಚೆ ಬಿಟ್ಟು ಬಂದಿದ್ದಾನೆ. ಇದು ಭಕ್ತಿ. ಯಾಕೋ ಫೌಂಡ್ರಿ ಬೇಡ ನಿನಗೆ?" "ಗಣಿತ ಇಷ್ಟ ಸಾರ್." ಆ ಸುಳ್ಳು ಹುಟ್ಟಿದ್ದು ಅಲ್ಲಿ. ಜೊತೆಗೆ ಇನ್ನೊಂದು ಸಣ್ಣದು: ತರಬೇತಿಯ ಮೊದಲ ದಿನದಿಂದಲೂ ಈ ಕೋಣೆಯಲ್ಲೇ ಇದ್ದನೆಂದು ಕಾಗದ ಬರೆದುಕೊಡಿ ಸಾರ್, ಇಲ್ಲದಿದ್ದರೆ ಹಾಜರಿ ಕಮ್ಮಿಯಾಗುತ್ತದೆ. ಮೇಷ್ಟರು ಭಕ್ತನಿಗೆ ಬರೆದುಕೊಟ್ಟರು. ಅಲ್ಲಿಂದಾಚೆ ಎಲ್ಲ ತಣ್ಣಗೆ ನಡೆಯಿತು. ಕಂಪ್ಯೂಟರಿನೊಳಗಿನ ಕಬ್ಬಿಣ ವಾಸನೆ ಹೊಡೆಯುತ್ತಿರಲಿಲ್ಲ, ಸಿಡಿಯುತ್ತಿರಲಿಲ್ಲ. ಅದನ್ನು ಸಾವಿರಾರು ಪುಟ್ಟ ತ್ರಿಕೋನಗಳಾಗಿ ಹಂಚಿ, ಒಂದೊಂದರ ಮೇಲೆ ಬೀಳುವ ಒತ್ತಡ ಎಷ್ಟೆಂದು ಕೂತಲ್ಲೇ ಲೆಕ್ಕ ಹಾಕಬಹುದಿತ್ತು. ಮೊದಲು ತೊಲೆ ಹೇಗೆ ಬಾಗುತ್ತದೆ ಎಂದು ಲೆಕ್ಕ ಹಾಕಿದ. ಆಮೇಲೆ ಯಾಕೆ ಬಿರಿಯುತ್ತದೆ ಎಂದು. ಮದ್ರಾಸಿಗೆ ಹೋಗಿ ಸಂಶೋಧನೆಗೆ ಕೂತ ಮೇಲೆ, ಬಿರಿಯುವ ಆ ಕಬ್ಬಿಣದ ಒಳಗೆ ಇರುವುದೇನು ಎಂದು. ಒಳಗೆ ಪೆನ್ಸಿಲಿನ ಸೀಸದಂಥ ಕಪ್ಪು ಎಸಳುಗಳಿದ್ದವು. ಸೂಕ್ಷ್ಮದರ್ಶಕದಲ್ಲಿ ಅವನ್ನು ಮೊದಲ ಸಲ ಕಂಡ ದಿನ ಊಟ ಮರೆತಿದ್ದ. ಈಗ ಐವತ್ತೇಳು ವರ್ಷ. ಎರಕದ ಕಬ್ಬಿಣದ ಬಿರುಕಿನ ವಿಷಯ ಬಂದರೆ ನಾಚಿಮುತ್ತು ಹೇಳಿದ್ದೇ ಕೊನೆ ಮಾತು. ಆದರೆ ಊರು ತುಂಬ ಫೌಂಡ್ರಿ ಇರುವ ಕೊಯಮತ್ತೂರಿನಲ್ಲೇ ಇದ್ದುಕೊಂಡು ಅವನು ಒಂದು ಫೌಂಡ್ರಿಯ ಹೊಸಿಲನ್ನೂ ಮತ್ತೆ ತುಳಿದಿರಲಿಲ್ಲ. ಮಂಡಿ ನೋವು, ಹೊಗೆಗೆ ಕೆಮ್ಮು, ಪರೀಕ್ಷೆ ಕೆಲಸ, ಹೀಗೆ ನೆಪಗಳು. ಹೆಂಡತಿ ಶಾಂತಾಮಣಿ ದೋಸೆ ಕಲ್ಲು ಹೆಚ್ಚು ಕಾಯಿಸಿದರೂ ಪಡಸಾಲೆಗೆ ಹೋಗಿ ನಿಲ್ಲುತ್ತಿದ್ದ.

ಬಾಗಿಲು ತಟ್ಟದೆಯೇ ಒಳಗೆ ಬಂದವರು ವರದರಾಜುಲು. ಪಂಪಿನ ಕವಚಗಳನ್ನು ಎರಕ ಹೊಯ್ಯುವ ಫೌಂಡ್ರಿಯ ಮಾಲೀಕರು. ಕೈಯಲ್ಲಿದ್ದ ಗೋಣಿಚೀಲವನ್ನು ಮೇಜಿನ ಮೇಲೆ, ಸರಿಯಾಗಿ "ಬಾಲ್ಯದಿಂದಲೂ" ಎಂಬಲ್ಲಿ, ಧಡಕ್ಕನೆ ಇಟ್ಟರು.

"ಸಾರ್, ನಿಮ್ಮ ನೀಲಿ ತಂದಿದ್ದೀನಿ."

ಹೋದ ತಿಂಗಳು ಇವನು ಆ ಕವಚದ ಲೆಕ್ಕ ಹಾಕಿ, ಬಣ್ಣದ ಚಿತ್ರ ಸಮೇತ ವರದಿ ಕೊಟ್ಟಿದ್ದ. ಕೆಂಪು ಎಂದರೆ ಅಪಾಯ, ನೀಲಿ ಎಂದರೆ ಕ್ಷೇಮ. ಕವಚ ತಲೆಯಿಂದ ಕಾಲಿನವರೆಗೆ ನೀಲಿ, ಕೊರಳಿನ ಹತ್ತಿರವಂತೂ ಕಡುನೀಲಿ. ಚೀಲದೊಳಗಿನ ಕವಚ ಬಿರಿದಿದ್ದದ್ದು ಆ ಕೊರಳಿನಲ್ಲೇ.

"ಒಂದಲ್ಲ ಸಾರ್, ಅರವತ್ತು. ಎಲ್ಲ ಅಲ್ಲೇ. ನಾಳೆ ಕೊಳ್ಳೋರ ಕಡೆಯಿಂದ ತನಿಖೆಗೆ ಬರ್ತಾರೆ. ಕಾರು ಹೊರಗಿದೆ, ಏಳಿ."

"ನನ್ನ ಮಂಡಿ..."

"ಕಾರಲ್ಲಿ ಮಂಡಿಗೇನು ಕೆಲಸ?"

"ನಾಲ್ಕು ಗಂಟೆಗೆ ಇಳವೇನಿಲ್‌ಗೆ ಒಂದು ಪುಟ..."

"ನಾನೂ ಬರ್ತೀನಿ ಸಾರ್," ಎಂದಳು ಬಾಗಿಲಲ್ಲಿ ನಿಂತಿದ್ದ ಇಳವೇನಿಲ್, ಆಗಲೇ ಫೋನು ಹೊರಗೆ ತೆಗೆದು. "ಬೆಂಕಿ ಎದುರು ನಿಮ್ಮದೊಂದು ಫೋಟೋ. ಪುಸ್ತಿಕೆ ಮುಖಪುಟಕ್ಕೆ. ಬೆಂಕಿ ಎದುರು ಸಾರ್. ಆಯ್ತಾ, ಬೆಂಕಿ ಎದುರು?"

ಕಾರಿನಲ್ಲಿ ಅವನಿಗೆ ಸಮಾಧಾನ ಕೊಟ್ಟದ್ದು ಒಂದೇ: ಫೌಂಡ್ರಿಯ ಹೆಸರು ಬೇರೆ. ಆದರೆ ಕಾರು ಗಣಪತಿ ಬಡಾವಣೆಯ ಕಡೆ ತಿರುಗಿತು; ಆಮೇಲೆ ಒಂದು ಬೇಕರಿ ಬಂತು, ಆ ಬೇಕರಿಯ ಪಕ್ಕದ ಓಣಿ ಬಂತು, ಓಣಿಯ ತುದಿಯಲ್ಲಿ ಗೇಟು. ಹೆಸರು ಬದಲಾಗಿತ್ತು, ಗೇಟು ಬದಲಾಗಿರಲಿಲ್ಲ. "ನಮ್ಮ ತಂದೆ ಕಾಲದಲ್ಲಿ ಬೇರೆ ಹೆಸರಿತ್ತು ಸಾರ್," ಎಂದರು ವರದರಾಜುಲು, ಯಾರೂ ಕೇಳದಿದ್ದರೂ. ಇಳಿಯುವಾಗ ನಾಚಿಮುತ್ತು ತನ್ನ ಶೂಗಳ ಲೇಸು ಬಿಗಿದಿದೆಯೇ ಎಂದು ನೋಡಿಕೊಂಡ, ಎರಡೂ. ಬಾಗಿಲಲ್ಲಿ ಒಬ್ಬ ತಂದುಕೊಟ್ಟ ಹೆಲ್ಮೆಟ್ಟು ಅವನ ತಲೆಯ ಮೇಲೆ ಕೂರದೆ ಟೋಪಿಯ ಹಾಗೆ ಹತ್ತಿ ನಿಂತಿತು. ಇನ್ನೊಂದಿಲ್ಲವೇ ಎಂದಾಗ ಆತ, "ದೊಡ್ಡ ತಲೆಯೋರು ಇಲ್ಲಿಗೆ ಬರೋದು ಕಮ್ಮಿ ಸಾರ್" ಎಂದ. ಮರ್ಯಾದೆಗೋ ಗೇಲಿಗೋ ತಿಳಿಯಲಿಲ್ಲ.

ಮೊದಲು ಕರೆದೊಯ್ದದ್ದು ಕೋರ್ ಮಾಡುವ ಕೋಣೆಗೆ. ಕವಚದ ಹೊಟ್ಟೆ ಟೊಳ್ಳಾಗಿರಬೇಕಲ್ಲ. ಆ ಟೊಳ್ಳಿನ ಆಕಾರದಲ್ಲಿ ಮರಳಿನ ಗಟ್ಟಿ ಮಾಡಿ ಅಚ್ಚಿನ ನಡುವೆ ಇಡುತ್ತಾರೆ, ಕಬ್ಬಿಣ ಅದರ ಸುತ್ತ ಹರಿದು ಗಟ್ಟಿಯಾಗುತ್ತದೆ. ಹೆಂಗಸರು ಸಾಲಾಗಿ ಕೂತು ಮರಳು ಬಡಿಯುತ್ತಿದ್ದರು. ಅವರಲ್ಲಿ ಹಿರಿಯಳು ಮಾರಾತಾಳ್, ಅರವತ್ತು ದಾಟಿದ್ದಳು. ಮೂಗಿನ ಎರಡು ಕಡೆಯೂ ಮೂಗುತಿ, ಮೊಣಕೈವರೆಗೆ ಮರಳು.

"ಇವರೇ ಏನು ಲೆಕ್ಕದ ವಾತ್ಯಾರು?" ಎಂದಳು, ಎದ್ದು ನಿಲ್ಲದೆ. ಮೇಷ್ಟರಿಗೆ ಅವಳ ಮಾತಿನಲ್ಲಿ ವಾತ್ಯಾರು, ಮಾಲೀಕರಿಗೆ ಮುದಲಾಳಿ. ಬಿರಿದ ಕವಚವನ್ನು ಮಡಿಲಿಗೆ ಎಳೆದುಕೊಂಡು ಬೆರಳ ಗೆಣ್ಣಿನಿಂದ ತಟ್ಟಿದಳು, ಒಡೆದ ಗಡಿಗೆಯ ಸದ್ದು. "ಸಾಮಿ, ಕಬ್ಬಿಣ ಆರ್ತಾ ಆರ್ತಾ ಕುಗ್ಗುತ್ತೆ, ಅಲ್ವಾ?"

"ಹೌದಮ್ಮ."

"ಅದು ಕುಗ್ಗುವಾಗ ಹೊಟ್ಟೆಯೊಳಗಿನ ಮರಳು ಬಿಟ್ಟುಕೊಡಬೇಕು. ಮುಂಚೆ ಕಾಕಂಬಿ, ಎಣ್ಣೆ ಹಾಕಿ ಕಲಸ್ತಿದ್ವಿ, ಬಿಸಿಗೆ ಪುಡಿಯಾಗ್ತಿತ್ತು. ಈಗ ಮುದಲಾಳಿ ಹೊಸ ಅಂಟು ತಂದಿದ್ದಾರೆ. ಕಲ್ಲು ಸಾಮಿ, ಕಲ್ಲು. ಜಪ್ಪಯ್ಯ ಅಂದರೂ ಬಿಡಲ್ಲ. ಪಾಪದ ಕಬ್ಬಿಣ ಎಲ್ಲಿಗೆ ಹೋಗುತ್ತೆ? ಬಿರಿಯುತ್ತೆ." ಕವಚವನ್ನು ಪಕ್ಕಕ್ಕಿಟ್ಟು ಕೇಳಿದಳು: "ನಿಮ್ಮ ಲೆಕ್ಕದಲ್ಲಿ ಮರಳನ್ನ ಎಲ್ಲಿಟ್ಟಿದ್ದೀರಿ?"

ಎಲ್ಲೂ ಇಟ್ಟಿರಲಿಲ್ಲ. ಎರಡು ಲಕ್ಷ ತ್ರಿಕೋನಗಳಲ್ಲಿ ಒಂದರಲ್ಲೂ ಮರಳಿರಲಿಲ್ಲ. ಅವನ ಲೆಕ್ಕದಲ್ಲಿ ಕವಚ ಯಾವ ಗರ್ಭದಿಂದಲೂ ಬರದೆ, ತಣ್ಣಗೆ, ನೀಲಿಯಾಗಿ, ಪೂರ್ತಿ ಬೆಳೆದೇ ಹುಟ್ಟಿತ್ತು. ಪಿಎಚ್.ಡಿ. ಪರೀಕ್ಷೆಯಲ್ಲಿ ವಿದೇಶದ ಇಬ್ಬರು ಪರೀಕ್ಷಕರೂ ಕೇಳದೆ ಬಿಟ್ಟ ಪ್ರಶ್ನೆ.

"ಇಟ್ಟಿಲ್ಲ," ಎಂದ.

"ನಾನು ಹೇಳಲಿಲ್ಲವಾ ಮುದಲಾಳಿ?"

"ನೀನು ಹೇಳಿದರೆ ಆಗುತ್ತಾ? ಕಾಗದ ಬೇಕಲ್ಲ," ಎಂದರು ವರದರಾಜುಲು. "ಸಾರ್, ಮರಳಿನದೇ ತಪ್ಪು ಅಂತ ಬರೆದುಬಿಡಿ."

"ಮರಳಿನದಲ್ಲ," ಎಂದ ನಾಚಿಮುತ್ತು. "ಅಂಟು ಕಮ್ಮಿ ಮಾಡಿ, ಕೋರಿನ ನಡುವೆ ಟೊಳ್ಳು ಬಿಡಿ. ಲೆಕ್ಕ ತಪ್ಪು ಅಂತ ನಾನೇ ಬರೆದು ಕೊಡ್ತೀನಿ." ಹೇಳಿ ಮುಗಿಸಿದ ಮೇಲೆ ಇಳವೇನಿಲ್ ತನ್ನನ್ನು ಹೊಸಬನನ್ನು ನೋಡುವಂತೆ ನೋಡುತ್ತಿರುವುದು ತಿಳಿಯಿತು. ಇಷ್ಟಕ್ಕೇ ಮುಗಿಯಿತು, ಇನ್ನು ಹೊರಡಬಹುದು ಎಂದು ಒಳಗಿನಿಂದ ಯಾರೋ ಅವನ ಬೆನ್ನು ತಟ್ಟಿದರು. ಆದರೆ ಇಳವೇನಿಲ್‌ಗೆ ಬೆಂಕಿ ಬೇಕಿತ್ತು.

ಕುಲುಮೆಯ ಅಂಗಳದಲ್ಲಿ ಈಗ ಮೂಸೆಯನ್ನು ಯಾರೂ ಹೊರುತ್ತಿರಲಿಲ್ಲ. ಮೇಲಿನ ಹಳಿಯಿಂದ ಸರಪಳಿಗೆ ತೂಗಿಕೊಂಡು ಬರುತ್ತಿತ್ತು. ವಾಸನೆ ಮಾತ್ರ ಅದೇ. ಸುಟ್ಟ ಮರಳು, ಬೆವರು, ಏನೋ ಸಿಹಿ. ಅವನು ಗೋಡೆಗೆ ಅಂಟಿ ನಿಂತ. "ಇನ್ನೊಂಚೂರು ಮುಂದೆ ಸಾರ್," ಎನ್ನುತ್ತಿದ್ದಳು ಇಳವೇನಿಲ್. ಒಂದು ಹೆಜ್ಜೆ ಇಟ್ಟ. ಸರಪಳಿ ಎಲ್ಲೋ ಸಿಕ್ಕಿಕೊಂಡಿತೋ ಏನೋ, ಮೂಸೆ ಜೋಲಿ ಹೊಡೆಯಿತು. ಆಗ ಆ ತುದಿಯಿಂದ ಒಬ್ಬ ಗಂಟಲು ಹರಿಯುವಂತೆ ಕೂಗಿದ:

"ಕಾಲೇಜ್!"

ತನ್ನನ್ನೇ ಕರೆದರು ಎಂದುಕೊಂಡ ನಾಚಿಮುತ್ತು. ಸಿಕ್ಕಿಬಿದ್ದೆ. ಮೂವತ್ತೆಂಟು ವರ್ಷದ ಮೇಲೆ ಸಿಕ್ಕಿಬಿದ್ದೆ. ವಿಚಿತ್ರವೆಂದರೆ ಅದರ ಜೊತೆಗೇ ಒಂಥರಾ ಹಗುರಾಯಿತು. ಸುತ್ತ ಇದ್ದವರೆಲ್ಲ ಕೂಗು ಕೇಳಿದ್ದೇ ಹಿಂದಕ್ಕೆ ಹಾರಿದರು. ಇವನೊಬ್ಬ ಹಾಜರಿ ಹೇಳುವ ಹುಡುಗನಂತೆ ಬಲಗೈ ಎತ್ತಿ, ಎರಡು ಹೆಜ್ಜೆ ಮುಂದಕ್ಕೆ ನಡೆದ.

ಹಿಂದಿನಿಂದ ಅಂಗಿಯ ಕಾಲರಿಗೆ ಕೈಹಾಕಿ ಎಳೆದದ್ದು ಮಾರಾತಾಳ್. ಇಬ್ಬರೂ ಮರಳ ಗುಡ್ಡೆಯ ಮೇಲೆ ಕೂತುಕೊಂಡಂತೆ ಬಿದ್ದರು. ಮುಂದೆ ಅವನು ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಕಬ್ಬಿಣ ಬಿದ್ದು, ಕೆಂಪಾಗಿ ಒಂದು ಕ್ಷಣ ಯೋಚಿಸಿ, ಕಪ್ಪಾಯಿತು.

"ಕಿವಿ ಕೇಳಿಸಲ್ವಾ ವಾತ್ಯಾರೇ? ಕಾಲೇಜ್ ಅಂದ್ರೆ ಹಿಂದಕ್ಕೆ ಓಡೋದು! ನೀವೇನು ಮುಂದಕ್ಕೆ ಹೋಗ್ತೀರಿ?"

"ಕಾಲೇಜ್ ಅಂದ್ರೆ..."

"ಅಪಾಯ ಅಂತ. ಇಲ್ಲಿ ಹಾಗೇ ಕೂಗೋದು."

"ಯಾಕೆ?" ಎಂದು ಕೇಳಿದವಳು ಇಳವೇನಿಲ್. ಉತ್ತರ ಬರುವ ಮೊದಲೇ ಮತ್ತೊಮ್ಮೆ, "ಯಾಕಮ್ಮ ಹಾಗೆ?"

ಮಾರಾತಾಳ್ ಸೀರೆ ಕೊಡವಿಕೊಂಡು ನಕ್ಕಳು. "ನಮ್ಮ ಮಾಮ ಕಟ್ಟಿದ ಕಥೆ ಕಣೇ ಅಮ್ಮಿಣಿ. ನನ್ನ ಗಂಡ, ಆರುಚ್ಚಾಮಿ. ಆಗ ಮೂಸೆ ಹೊರ್ತಿದ್ದರು. ಒಂದಿನ ಎತ್ತಿ ಹಾಕಿ ಕಾಲು ಸುಟ್ಟುಕೊಂಡರು, ಎರಡು ಬೆರಳು ಹೋಯ್ತು. ಕೇಳಿದರೆ, ಹಿಂದೆ ಕಾಲೇಜು ಹುಡುಗ ಹಿಡಿದಿದ್ದ, ಬಿಟ್ಟು ಓಡಿದ ಅಂತ. ದೊಡ್ಡ ಮುದಲಾಳಿ ಕಾಲೇಜಿಗೆ ಆಳು ಕಳಿಸಿ ವಿಚಾರಿಸಿದರು. ಕಾಲೇಜಿನೋರು ಕಾಗದ ತೋರಿಸಿದರಂತೆ, ನಮ್ಮ ಹುಡುಗ ಮೊದಲ ದಿನದಿಂದ ಕಂಪ್ಯೂಟರ್ ಕೋಣೆಯಲ್ಲೇ ಇದ್ದಾನೆ, ಅಲ್ಲಿಗೆ ಬಂದೇ ಇಲ್ಲ ಅಂತ. ಇನ್ನೇನು? ಕುಡಿದು ಕೈಬಿಟ್ಟಿದ್ದಾನೆ ಅಂತ ಅಂದುಕೊಂಡರು. ಮೂಸೆ ತಪ್ಪಿಸಿ ಜರಡಿ ಕೊಟ್ಟರು, ಕೊನೇವರೆಗೂ ಮರಳು ಜರಡಿ. ನಾನು ಆವಾಗ ಇಲ್ಲಿಗೆ ಬಂದೆ. ಹುಡುಗರು ಗೇಲಿ ಮಾಡ್ತಾ ಮಾಡ್ತಾ, ಏನು ಬಿದ್ದರೂ 'ಕಾಲೇಜ್, ಕಾಲೇಜ್' ಅಂತ ಶುರು ಮಾಡಿದರು. ಈಗ ಯಾರಿಗೂ ಕಥೆ ಗೊತ್ತಿಲ್ಲ, ಕೂಗು ಉಳಿಯಿತು."

ಹಾಜರಿ ಕಮ್ಮಿಯಾಗುತ್ತದೆ ಸಾರ್. ಅವನಿಗೆ ಆ ಕೋಣೆಯ ತಂಪು ಬೆನ್ನಿನ ಮೇಲೆ ಹರಿದಂತಾಯಿತು. ಓಡಿದ್ದಕ್ಕೆ ಇಷ್ಟು ವರ್ಷ ನಾಚಿದ್ದ. ಓಡುವುದು ಕಾಲಿನ ಕೆಲಸ, ಕಾಲಿಗೆ ಬುದ್ಧಿಯಿಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡಿದ್ದ. ಆದರೆ ಆ ಸುಳ್ಳು ಕಾಗದ ಬರೆಸಿದ್ದು ಕಾಲಲ್ಲ. ಇಳವೇನಿಲ್ ಕಾಗದ ತೆಗೆದು ಏನೋ ಗೀಚಿಕೊಳ್ಳುತ್ತಿದ್ದಳು. ಅವಳಿಗೆ ಇದು ಮುದ್ದಾದ ಕಥೆ, ಪುಸ್ತಿಕೆಯ ಮೂಲೆಯಲ್ಲಿ ಚೌಕ ಕಟ್ಟಿ ಹಾಕಬಹುದು. ಸುಮ್ಮನಿದ್ದರೆ ಸಾಕು, ಕಾರು ಹೊರಗಿದೆ, ಲೇಸು ಬಿಗಿದಿದೆ.

"ಹುಡುಗ ಇದ್ದ," ಎಂದ. "ನಾನೇ."

ಮಾರಾತಾಳ್ ಅವನನ್ನು ನೋಡಿದಳು, ಅವನ ತಲೆಯ ಮೇಲೆ ಹತ್ತಿ ಕೂತ ಹೆಲ್ಮೆಟ್ಟು ನೋಡಿದಳು, ಕಿಸಕ್ಕನೆ ನಕ್ಕಳು. "ಒಳ್ಳೆ ಮನಸ್ಸು ಸಾಮಿ ನಿಮಗೆ. ಮುದುಕನ ಮಾನ ಉಳಿಸೋಕೆ ಹೇಳ್ತೀರಿ."

"ನಿಜ ಹೇಳ್ತಿದ್ದೀನಮ್ಮ."

"ಸಾರ್‌ಗೆ ಬಿಸಿ ತಾಗಿದೆ," ಎಂದರು ವರದರಾಜುಲು. "ನೀರು ತನ್ನಿ ಯಾರಾದರೂ."

"ನನ್ನ ಒಂದು ಚಪ್ಪಲಿ ಇಲ್ಲೇ ಬಿದ್ದಿತ್ತು!"

"ಫೌಂಡ್ರಿಯಲ್ಲಿ ಒಂಟಿ ಚಪ್ಪಲಿಗೇನು ಬರ ಸಾರ್?"

ಮೂವತ್ತೆಂಟು ವರ್ಷ ಮುಚ್ಚಿಟ್ಟದ್ದನ್ನು ಬಿಚ್ಚಿದರೆ ಯಾರೂ ತೆಗೆದುಕೊಳ್ಳುವವರಿಲ್ಲ. ಅವನಿಗೆ ಸಿಟ್ಟು ಬಂತು, ಸಂಶೋಧನಾ ಲೇಖನ ವಾಪಸು ಬಂದಾಗಿನ ಸಿಟ್ಟು. ಕೊನೆಗೆ ಮಾರಾತಾಳೇ, "ನಡೀರಿ, ಮನೆ ಹಿಂದೇನೇ ಇದೆ, ಆ ಮನುಷ್ಯನೇ ಹೇಳಲಿ" ಎಂದು ಮುಂದಾದಳು. ಫೌಂಡ್ರಿಯ ಹಿಂದಿನ ಸಾಲುಮನೆಗಳಲ್ಲಿ ಮೂರನೆಯದು. ಹೊಸಿಲಲ್ಲಿ ಆರುಚ್ಚಾಮಿ ಕಾಲು ಚಾಚಿ ಕೂತು, ಮಧ್ಯಾಹ್ನದ ಅಕ್ಕಿ ಬೇಳೆ ಅನ್ನಕ್ಕೆ ಸಣ್ಣ ಈರುಳ್ಳಿ ಸುಲಿಯುತ್ತಿದ್ದ. ಮೀಸೆ ಬೆಳ್ಳಗಾಗಿತ್ತು. ಎಡಗಾಲಿಗೆ ಮೂರು ಬೆರಳು. ನಾಚಿಮುತ್ತು ಆ ಮೂರನ್ನು ಎಣಿಸಿದ, ಮತ್ತೆ ಎಣಿಸಿದ.

"ಮಾಮಾ, ನಿಮ್ಮ ಕಾಲೇಜು ಹುಡುಗ ಬಂದಿದ್ದಾರೆ ನೋಡಿ," ಎಂದಳು ಮಾರಾತಾಳ್, ಸೊಂಟದ ಮೇಲೆ ಕೈಯಿಟ್ಟು.

ಆರುಚ್ಚಾಮಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. "ಇವರಲ್ಲ," ಎಂದ.

"ನಾನೇ ಅಯ್ಯಾ!"

"ಆ ಹುಡುಗ ಆರಡಿ ಇದ್ದ. ಮುಖದಲ್ಲಿ ಒಂದು ಕಳೆ ಇತ್ತು."

"ಕೇಳಿದಿರಾ?" ಎಂದಳು ಮಾರಾತಾಳ್. "ವರ್ಷ ವರ್ಷಕ್ಕೆ ಒಂದೊಂದು ಇಂಚು ಬೆಳೆಸಿದ್ದಾರೆ."

ನಾಚಿಮುತ್ತು ಅಂಗಳದ ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತ. ಮಂಡಿ ನೆನಪಾಗಲಿಲ್ಲ. ಎಷ್ಟೋ ಸಭೆಗಳಲ್ಲಿ ಎಷ್ಟೋ ಪ್ರಮೇಯ ಸಾಧಿಸಿದ್ದ, ಯಾವುದಕ್ಕೂ ಇಷ್ಟು ಬೆವರಿರಲಿಲ್ಲ. ತಾನು ಹೇಡಿ ಎಂಬ ಒಂದು ಸರಳ ಸಂಗತಿಯನ್ನು ಸಾಧಿಸಬೇಕಿತ್ತು, ಕೈಯಲ್ಲಿ ಒಂದು ಆಧಾರವೂ ಇರಲಿಲ್ಲ. ಚೌಕುಳಿ ಅಂಗಿ ಹಾಕಿದ್ದೆ ಎಂದ. ಆಗ ಎಲ್ಲರೂ ಹಾಕುತ್ತಿದ್ದರು. ಬುಧವಾರ ಎಂದ. ಸುಟ್ಟುಕೊಂಡವನಿಗೆ ವಾರ ನೆನಪಿರಲಿಲ್ಲ. ಹನಿ ಒದ್ದೆ ನೆಲದ ಮೇಲೆ ಬಿತ್ತು ಎಂದ. ಅದನ್ನು ಮುದುಕ ಊರಿಗೆಲ್ಲ ಹೇಳಿದ್ದ. ಇಳವೇನಿಲ್ ಬರೆಯುವುದನ್ನು ನಿಲ್ಲಿಸಿದ್ದಳು, ಏನನ್ನೂ ಎರಡನೇ ಸಲ ಕೇಳಲಿಲ್ಲ. ಆಗ ಅವನ ಬಾಯಿಂದ, ತಾನು ಮರೆತೇ ಬಿಟ್ಟಿದ್ದ ಒಂದು ಮಾತು ಹೊರಬಿತ್ತು.

"ಮೂಸೆ ಎತ್ತೋ ಮುಂಚೆ ನೀವು ಹಿಂದೆ ತಿರುಗದೇ ಒಂದು ಮಾತು ಹೇಳಿದಿರಿ. ಮೆಲ್ಲಗೆ. 'ತಮ್ಮಾ, ಬೆಂಕಿ ನೋಡಬೇಡ, ನನ್ನ ಬೆನ್ನು ನೋಡು.'"

ಆರುಚ್ಚಾಮಿಯ ಕೈಯಲ್ಲಿದ್ದ ಈರುಳ್ಳಿ ಹಾಗೇ ನಿಂತಿತು. ಮಾರಾತಾಳ್ ಗಂಡನ ಮುಖ ನೋಡಿದಳು. ಅದನ್ನು ಅವನು ಅವಳಿಗೂ ಹೇಳಿರಲಿಲ್ಲವೆಂಬುದು ಅವಳ ಮುಖದಲ್ಲೇ ಕಂಡಿತು. ಅವಳ ಕೈ ಸೊಂಟದಿಂದ ಕೆಳಗಿಳಿಯಿತು.

"ಹೇಳಿದ್ದೆ," ಎಂದ ಮುದುಕ. ಆಮೇಲೆ ಮುಂದಕ್ಕೆ ಬಾಗಿ, ದೊಡ್ಡ ತಪ್ಪು ಮಾಡಿದ ಮಗನನ್ನು ಕೇಳುವ ಹಾಗೆ ಕೇಳಿದ: "ಮತ್ತೆ ಯಾಕೋ ನೋಡಿದೆ?"

ಹೆದರಿಕೆಯಿಂದ ಎಂದು ಹೇಳಲು ನಾಚಿಮುತ್ತು ಬಾಯಿ ತೆರೆದ. ಅದು ಸರಿಹೋಗಲಿಲ್ಲ. ಹೆದರಿದ್ದು ಆಮೇಲೆ. ಅದಕ್ಕೆ ಮುಂಚೆ, ಹತ್ತು ಹೆಜ್ಜೆಯುದ್ದಕ್ಕೂ, ಬೆನ್ನು ಬಿಟ್ಟು ಕಣ್ಣು ಆ ಮೂಸೆಯೊಳಕ್ಕೇ ಹೋಗಿತ್ತು. ಒಳಗೆ ಅದು ನೀರಿನ ಹಾಗೆ ತುಳುಕುತ್ತಿತ್ತು, ಮೇಲೆ ತೆಳ್ಳಗೆ ಕೆನೆ ಕಟ್ಟಿ ಒಡೆಯುತ್ತಿತ್ತು, ಒಡೆದಲ್ಲೆಲ್ಲ ಬೆಳಕು.

"ಚೆನ್ನಾಗಿತ್ತು," ಎಂದ. "ಅದು ತುಂಬ ಚೆನ್ನಾಗಿತ್ತು ಅಯ್ಯಾ."

ಆರುಚ್ಚಾಮಿ ತಲೆಯಾಡಿಸಿದ. ಈರುಳ್ಳಿಯ ತಟ್ಟೆಯನ್ನು ಇಬ್ಬರ ನಡುವೆ ಸರಿಸಿದ. ನಾಚಿಮುತ್ತು ಒಂದು ಈರುಳ್ಳಿ ತೆಗೆದುಕೊಂಡು ಸುಲಿಯತೊಡಗಿದ.

"ಜರಡಿ ಹಿಡಿಯೋ ಜಾಗದಿಂದಲೂ ಅದು ಕಾಣ್ತಿತ್ತು," ಎಂದ ಮುದುಕ. "ಒಂಚೂರು ಕತ್ತು ಹೊರಳಿಸಬೇಕಿತ್ತು, ಅಷ್ಟೆ."

ಮಾರಾತಾಳ್ ಅಷ್ಟರಲ್ಲಿ ಓಣಿಯ ನಡುವೆ ಹೋಗಿ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾಲುಮನೆಗಳ ಆ ತುದಿಗೂ ಕೇಳುವಂತೆ ಕೂಗಿದಳು: "ಏನ್ರೇ, ಎಲ್ಲ ಕೇಳಿಸಿಕೊಳ್ಳಿ! ನಮ್ಮ ಮಾಮ ಕುಡಿದಿರಲಿಲ್ಲ!"

ಎದುರು ಮನೆಯ ಕಿಟಕಿಯಿಂದ ಒಂದು ಹೆಂಗಸಿನ ದನಿ ಬಂತು. "ಯಾವಾಗ, ನಿನ್ನೆಯಾ?"

"ನಿನ್ನೆ ಕುಡಿದಿದ್ದರು ಕಣೇ," ಎಂದಳು ಮಾರಾತಾಳ್, ಕಣ್ಣೊರೆಸಿಕೊಳ್ಳುತ್ತ. "ಅವತ್ತು!"